ಮನೆಗೆ ಅಳತೆ ತೆಗೆದ ಟೇಪಕ್ಕ

ಆ ಬೀದಿಯಲ್ಲಿ ಟೇಪಕ್ಕನ ನಿಜವಾದ ಹೆಸರು ಗೊತ್ತಿದ್ದವರು ಇಬ್ಬರೋ ಮೂವರೋ. ಮೂವತ್ತೆಂಟು ವರ್ಷದಿಂದ ಹೊಲಿಗೆ ಹೊಲಿದುಕೊಂಡು ಬಂದ ಹೆಂಗಸು. ಬೆಳಿಗ್ಗೆ ಎದ್ದು ಕೊರಳಿಗೆ ಹಾಕಿಕೊಂಡ ಅಳತೆ ಟೇಪು ಇಳಿಯುವುದು ಮಲಗುವಾಗಲೇ. ಒಮ್ಮೆ ಹಲ್ಲಿನ ಡಾಕ್ಟರ ಹತ್ತಿರವೂ ಹಾಗೇ ಹೋಗಿ ಕುರ್ಚಿಯಲ್ಲಿ ಒರಗಿದ್ದಳಂತೆ. ಡಾಕ್ಟರು, "ಏನಮ್ಮಾ, ನನ್ನ ಅಳತೆ ತಗೊಳ್ಳೋಕೆ ಬಂದ್ರಾ?" ಎಂದು ಕೇಳಿದರೆ, ಬಾಯಿ ಅಗಲಿಸಿಕೊಂಡೇ, "ನಿಮ್ಮದು ಭುಜ ಹದಿನೆಂಟೂವರೆ ಇರ್ಬೇಕು" ಎಂದಿದ್ದಳಂತೆ.

ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಆಮೇಲೆ ಬರೆದದ್ದೆಲ್ಲ ಅಳತೆ ಪುಸ್ತಕದಲ್ಲಿ. ಎದೆ ಮೂವತ್ತಾರು, ತೋಳು ಇಪ್ಪತ್ತೆರಡು, ಸೊಂಟ ನಲವತ್ತು. ಅದರ ಪಕ್ಕದಲ್ಲಿ ಸಣ್ಣದಾಗಿ, 'ಹೊಟ್ಟೆ ಒಳಗೆ ಎಳಕೊಂಡು ನಿಂತಿದ್ದರು, ನಲವತ್ತೆರಡು ಇಡಬೇಕು.' ಇಂಥ ಟೇಪಕ್ಕನ ಕೈಗೆ ಒಂದು ಸೋಮವಾರ ಬೆಳಿಗ್ಗೆ ನಾಲ್ಕು ಬಿಳಿ ಹಾಳೆ ಬಂದು ಬಿದ್ದವು.

ಹಾಳೆ ತಂದವಳು ಮನೆ ನಕ್ಷೆ ಮಾಡುವ ಹೆಂಗಸು. ನಲವತ್ತರ ಹತ್ತಿರದ ವಯಸ್ಸು, ಸ್ಕೂಟರಿನ ಮೇಲೆ ಓಡಾಡುವವಳು. ಅವಳು ಐದನೇ ಕ್ಲಾಸಿನಲ್ಲಿದ್ದಾಗ ಅವಳ ಸ್ಕೂಲ್ ಯೂನಿಫಾರಂ ಹೊಲಿದದ್ದೂ ಟೇಪಕ್ಕನೇ. ಟೇಪಕ್ಕನ ಮನೆಯ ಬಚ್ಚಲು ಇದ್ದದ್ದು ಅಡಿಗೆಮನೆಯ ಹಿಂದೆ, ಎರಡು ಮೆಟ್ಟಿಲು ಕೆಳಗೆ. ಎಂಬತ್ತನಾಲ್ಕರ ಅತ್ತೆ ವಾಕರ್ ಹಿಡಿದು ಆ ಮೆಟ್ಟಿಲಿಳಿಯುವುದನ್ನು ನೋಡಿದರೆ ಎದೆ ಬಾಯಿಗೆ ಬರುತ್ತಿತ್ತು. ಬಚ್ಚಲನ್ನು ಮೇಲೆ ತರಬೇಕೆಂದು ಹೊರಟ ಮಾತು, ಹೇಗೂ ಒಡೆಯುವುದಿದೆ, ಒಳಗೆಲ್ಲ ಒಮ್ಮೆ ಸರಿಮಾಡಿಸಿಬಿಡೋಣ ಎಂಬಲ್ಲಿಗೆ ಬಂದು ನಿಂತಿತ್ತು.

"ನಾನು ಗೆರೆ ಎಳೆಯೋಕೆ ಮುಂಚೆ ನೀವು ಬರೀಬೇಕು," ಎಂದಳು ನಕ್ಷೆಯವಳು. "ಇದಕ್ಕೆ ಡಿಸೈನ್ ಬ್ರೀಫ್ ಅಂತಾರೆ. ಹೆದರ್ಬೇಡಿ. ಯಾವ ಬಣ್ಣ, ಯಾವ ಟೈಲ್ಸು, ಅದೆಲ್ಲ ಆಮೇಲೆ. ಈ ಮನೇಲಿ ನೀವು ಹೇಗೆ ಬದುಕ್ತೀರಿ, ಎಲ್ಲಿ ಕೂರ್ತೀರಿ, ಎಲ್ಲಿ ಎಡವ್ತೀರಿ, ಅದನ್ನ ಬರೀರಿ. ತಲೆಗೊಂದು ಹಾಳೆ. ಭಾನುವಾರ ಬರ್ತೀನಿ."

"ಮರೆತುಹೋದ್ರೆ?" ಎಂದು ಕೇಳಿದಳು ಟೇಪಕ್ಕ.

"ಹಾಳೇಲಿ ಇಲ್ಲದ್ದು ನಕ್ಷೇಲಿ ಬರಲ್ಲ. ನಕ್ಷೇಲಿ ಇಲ್ಲದ್ದು ಮನೇಲಿ ಬರಲ್ಲ. ಗೋಡೆ ಎದ್ದ ಮೇಲೆ ನನ್ನ ಕೇಳಿ ಪ್ರಯೋಜನ ಇಲ್ಲ, ಟೇಪಕ್ಕ."

ಆ ಮಾತು ಟೇಪಕ್ಕನ ಎದೆಗೆ ಗುಂಡುಸೂಜಿಯ ಹಾಗೆ ಚುಚ್ಚಿಕೊಂಡಿತು. ಯಾಕೆಂದರೆ ಅವಳಿಗೆ ಬೇಕಾದದ್ದು ಒಂದೇ ಒಂದು ಇತ್ತು. ಸೊಸೆಯಾಗಿ ಈ ಮನೆಗೆ ಬಂದ ಮೂವತ್ತೊಂದು ವರ್ಷದಲ್ಲಿ ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಬೀದಿಗೆ ತೆರೆದುಕೊಂಡಂತೆ ಒಂದು ಹಾಲು. ಅದರ ಒಂದು ಮೂಲೆಯಲ್ಲಿ ಅತ್ತೆಯ ಮಂಚ. ಹಾಲಿನ ಹಿಂದೆ ಮಗಳ ಕೋಣೆ. ಕೋಣೆಯ ಪಕ್ಕದಲ್ಲಿ ಅಡಿಗೆಮನೆಗೆ ಹೋಗುವ ಇಕ್ಕಟ್ಟಾದ ಓಣಿ. ಆ ಓಣಿಯಲ್ಲಿ ಟೇಪಕ್ಕನ ಹೊಲಿಗೆ ಮಿಷನ್ನು. ಯಾರು ಅಡಿಗೆಮನೆಗೆ ಹೋದರೂ, ಬಚ್ಚಲಿಗೆ ಹೋದರೂ, ಒಂದು ಲೋಟ ನೀರಿಗೆ ಹೋದರೂ, ಅವಳು ಪೆಡಲಿನಿಂದ ಕಾಲು ತೆಗೆದು ಎದ್ದು, ಸ್ಟೂಲನ್ನು ಮಿಷನ್ನಿನ ಕೆಳಗೆ ತಳ್ಳಿ, ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಹೋದವರು ಹೋಗಿ ಸುಮ್ಮನಿರುತ್ತಾರೆಯೇ? ವಾಪಸೂ ಬರುತ್ತಾರೆ. ಜೊತೆಗೆ ಹಗಲಲ್ಲೂ ಲೈಟು ಹಾಕಿಕೊಳ್ಳಬೇಕಾದ ಕತ್ತಲು.

ಹಾಲಿನಲ್ಲಿ ಬೀದಿಗೆ ಮುಖ ಮಾಡಿದ ದೊಡ್ಡ ಕಿಟಕಿಯೊಂದಿತ್ತು. ಬೆಳಕು ಅಲ್ಲಿಂದ ಧಾರಾಳವಾಗಿ ಬರಬಹುದಿತ್ತು. ಆದರೆ ಕಿಟಕಿಗೆ ಅಡ್ಡವಾಗಿ ಗಂಡನ ಗಾಜಿನ ಷೋಕೇಸು ನಿಂತಿತ್ತು. ಬಸ್ ಡ್ರೈವರ್ ಆಗಿ ಮೂವತ್ತು ವರ್ಷ, ಒಂದೂ ಅಪಘಾತವಿಲ್ಲ. ಅದಕ್ಕೆ ಡಿಪೋದವರು ಕೊಟ್ಟ ಏಳು ಕಪ್ಪುಗಳು ಅದರೊಳಗೆ ಸಾಲಾಗಿ ನಿಂತಿದ್ದವು. ರಿಟೈರಾದ ಮೇಲೆ ಆ ಮನುಷ್ಯ ದಿನಾ ಬೆಳಿಗ್ಗೆ ಅವುಗಳನ್ನು ಒರೆಸುತ್ತಿದ್ದ. ಆ ಕಿಟಕಿಯ ಹತ್ತಿರ ನನ್ನ ಮಿಷನ್ ಇಡಿ ಎನ್ನುವುದೂ ಒಂದೇ, ನಿಮ್ಮ ಬಸ್ಸಿನಿಂದ ಇಳಿಯಿರಿ ಎನ್ನುವುದೂ ಒಂದೇ ಎಂದು ಟೇಪಕ್ಕನಿಗೆ ಅನಿಸುತ್ತಿತ್ತು.

ನಕ್ಷೆಯವಳ ಸ್ಕೂಟರು ಬೀದಿ ತಿರುಗುವ ಮೊದಲೇ ಗಂಡ ಹಾಳೆ ಎಳೆದುಕೊಂಡ. "ಬರೆಯೋದು ನಂಗೆ ಬಿಡು. ಮೂವತ್ತು ವರ್ಷ ಟ್ರಿಪ್ ಶೀಟ್ ಬರ್ದಿದೀನಿ." ಕನ್ನಡಕ ಮೂಗಿಗೇರಿಸಿ ದುಂಡಗೆ ಬರೆದ: 'ಒಂದು. ಗಾಡಿ ನಿಲ್ಲಿಸಲು ಜಾಗ.'

ಮಂಚದ ಮೇಲಿಂದ ಅತ್ತೆ ಕತ್ತು ಚಾಚಿ ಕೇಳಿದಳು, "ಯಾವ ಗಾಡಿನೋ?"

"ಮುಂದೆ ತಗೊಂಡ್ರೆ ಇರ್ಲಿ ಅಂತ, ಅಮ್ಮಾ."

"ಇಲ್ಲದ ಗಾಡಿಗೆ ಜಾಗ ಬೇಕಂತೆ. ಇರೋ ತಾಯಿ ಬಚ್ಚಲಿಗೆ ಹೋಗೋಕೆ ದಾರಿ ಬೇಡ್ವಂತೆ."

ಒಳಗಿನ ಕೋಣೆಯಿಂದ ಮಗಳ ನಿದ್ದೆಗಣ್ಣಿನ ದನಿ ಬಂತು. ಅವಳು ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವಳು. "ನನ್ನ ಹಾಳೇಲಿ ಒಂದೇ ಸಾಲು ಬರೀರಿ. ಸದ್ದು ಬೇಡ."

ಗಂಡ ಎರಡನೆಯ ಸಂಖ್ಯೆ ಹಾಕಿ ಪೆನ್ನು ಕಚ್ಚುತ್ತ ಮಧ್ಯಾಹ್ನದವರೆಗೆ ಕೂತ. ಮಂಗಳವಾರವೂ ಕೂತ. ಬುಧವಾರ ಪೆನ್ನು ಟೇಪಕ್ಕನ ಮುಂದಿಟ್ಟ. "ನೋಡೇ, ಇದು ನನ್ನ ರೂಟ್ ಅಲ್ಲ."

ಟೇಪಕ್ಕ ಪೆನ್ನು ಹಿಡಿದಳು. ವಾಕ್ಯ ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು? ಅರ್ಧ ಗಂಟೆ ಹಾಗೇ ಕಳೆಯಿತು. ಆಮೇಲೆ ಏನು ಹೊಳೆಯಿತೋ, ಹಾಳೆಗಳನ್ನು ಪಕ್ಕಕ್ಕಿಟ್ಟು ಅಳತೆ ಪುಸ್ತಕ ತೆಗೆದಳು. ಹೊಸ ಪುಟ ತಿರುವಿ, ಗಿರಾಕಿಯ ಹೆಸರು ಬರೆಯುವ ಜಾಗದಲ್ಲಿ 'ಮನೆ' ಎಂದು ಬರೆದಳು. ಬರೆದದ್ದೇ ತಡ, ಮೈಯಲ್ಲಿ ಹುರುಪು ಹತ್ತಿಕೊಂಡಿತು. ಗಿರಾಕಿ ಎದುರಿಗೆ ನಿಂತಿದ್ದಾನೆ, ಅಳತೆ ತೆಗೆಯುವುದು ತನಗೆ ಗೊತ್ತಿದೆ. ಇನ್ನೇನು ಬೇಕು?

ಮೊದಲು ಮನೆಯ ಉದ್ದಗಲ. ಹೊಲಿಗೆಯವರ ಟೇಪು ಇರುವುದೇ ಐದಡಿ. ಬೀದಿಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ಒಂದು ಟೇಪು ಹಾಸಿ, ಸೀಮೆಸುಣ್ಣದ ಗೆರೆ ಎಳೆದು, ಅಲ್ಲಿಂದ ಇನ್ನೊಂದು ಟೇಪು ಹಾಸಿ, ಹೀಗೆ ಮಂಡಿಯೂರಿಕೊಂಡು ಸಾಗಿದಳು. ಗಂಡ ಎರಡು ಸಲ ಅವಳ ಮೇಲೆ ದಾಟಿ ಹೋದ. "ರಸ್ತೆ ಕಾಮಗಾರಿ ಇನ್ನೂ ಎಷ್ಟು ದಿನ?" ಎಂದು ಕೇಳಿದ. ಟೇಪಕ್ಕ ತುಟಿಯ ಮಧ್ಯೆ ಸೀಮೆಸುಣ್ಣ ಕಚ್ಚಿಕೊಂಡಿದ್ದರಿಂದ ಉತ್ತರ ಸಿಗಲಿಲ್ಲ.

ಗೋಡೆ ಮುಗಿದ ಮೇಲೆ ಮನುಷ್ಯರನ್ನು ಹಿಡಿದಳು. ಅಲ್ಲಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅತ್ತೆ ವಾಕರ್ ಹಿಡಿದು ನಡೆಯುವಾಗ ಎರಡು ಮೊಣಕೈಗಳ ನಡುವೆ ಎಷ್ಟು? ಮೂವತ್ತೊಂದು ಇಂಚು. ಬಚ್ಚಲ ಬಾಗಿಲು ಎಷ್ಟು? ಇಪ್ಪತ್ನಾಲ್ಕು. ಟೇಪಕ್ಕ ಓಣಿಯಲ್ಲಿ ನಿಂತು ಆ ಎರಡು ಅಂಕಿಗಳನ್ನೇ ನೋಡಿದಳು. "ಅತ್ತೇ, ಇಷ್ಟು ವರ್ಷ ನೀವು ಈ ಬಾಗಿಲಲ್ಲಿ ಹೇಗೆ ಹೋಗ್ತಿದ್ರಿ?"

"ಅಡ್ಡ ತಿರುಗಿ ಹೋಗ್ತಿದ್ದೆ, ಏಡಿ ಹಾಗೆ," ಎಂದಳು ಅತ್ತೆ. "ಯಾರು ಕೇಳಿದ್ರು?"

ಟೇಪಕ್ಕ ಬರೆದಳು: 'ಬಚ್ಚಲ ಬಾಗಿಲು ಅತ್ತೆಗೆ ಏಳು ಇಂಚು ಬಿಗಿ. ಕುತ್ತಿಗೆ ಬಿಗಿಯಾದ ಅಂಗಿಯ ಹಾಗೆ. ಬಿಚ್ಚಬೇಕು.'

ಟೀವಿ ನೋಡುತ್ತ ಕಾಲು ಚಾಚಿದ ಗಂಡನ ಅಳತೆ ತೆಗೆದಳು. ಸೊಂಟದಿಂದ ಹೆಬ್ಬೆರಳಿನವರೆಗೆ ಎಷ್ಟೆಂದು ಬರೆದು, ಪಕ್ಕದಲ್ಲಿ 'ಯಾರು ಹಾದುಹೋದರೂ ಕಾಲು ಮಡಚುವುದಿಲ್ಲ, ಜಾಗ ಬಿಡಬೇಕು' ಎಂದು ಸೇರಿಸಿದಳು. ಗಂಡ ಓದಿ ಮುಖ ಗಂಟಿಕ್ಕಿದ. ಪಾಳಿ ಮುಗಿಸಿ ಬಂದ ಮಗಳು ಶೂ ಬಿಚ್ಚಲು ಬಗ್ಗಿದಾಗ ಬೆನ್ನು ಎಲ್ಲಿಗೆ ತಾಗುತ್ತದೆಂದು ಹಿಂದಿನಿಂದ ಹೋಗಿ ಟೇಪು ಹಿಡಿದಳು. ಅವಳು ಬೆಚ್ಚಿಬಿದ್ದು, "ಅಮ್ಮಾ, ನಿಂಗೆ ಏನೋ ಆಗಿದೆ. ನಮ್ಮ ಆಸ್ಪತ್ರೇಲಿ ಒಬ್ರು ಒಳ್ಳೆ ಡಾಕ್ಟರ್ ಇದಾರೆ" ಎಂದಳು.

"ಬಗ್ಗು ಇನ್ನೊಂದ್ಸಲ. ಸರಿಯಾಗಿ ಕಾಣ್ಲಿಲ್ಲ."

ಮಗಳು ನಗುತ್ತಲೇ ಬಗ್ಗಿದಳು. ಅವಳ ಪುಟದಲ್ಲಿ ಹೀಗೆ ಬಿತ್ತು: 'ಹಗಲು ಹನ್ನೊಂದಕ್ಕೆ ಮಲಗುತ್ತಾಳೆ. ಗೋಡೆಯ ಆ ಕಡೆ ಮಿಷನ್ ಸದ್ದು. ದಿಂಬಿನಿಂದ ಮಿಷನ್ನಿಗೆ ಇಪ್ಪತ್ತಾರು ಇಂಚು, ಮಧ್ಯೆ ಗೋಡೆ. ಮಗು ಇಷ್ಟು ವರ್ಷ ಹೇಗೆ ನಿದ್ದೆ ಮಾಡಿತೋ.' ಮಗುವಿಗೆ ಇಪ್ಪತ್ತೊಂಬತ್ತು ವರ್ಷ.

ಗುರುವಾರ, ಶುಕ್ರವಾರ ಪುಟದ ಮೇಲೆ ಪುಟ ತುಂಬಿತು. ಒಂದು ಅಂಗಿಯ ಕೆಲಸ ಹಿಡಿದರೆ ನಡುವೆ ಎದ್ದು ಹೋಗಿ ಬಾಗಿಲು ಅಳೆಯುವುದು. ಒಲೆಯ ಮೇಲೆ ಹಾಲಿಟ್ಟು ಕಪಾಟು ಅಳೆಯುವುದು. ಆ ವಾರ ಹಾಲು ಮೂರು ಸಲ ಉಕ್ಕಿತು; ಒಬ್ಬ ಮೇಷ್ಟರ ಪ್ಯಾಂಟಿಗೆ ಎರಡು ಕಾಲೂ ಎಡಗಾಲೇ ಆಗಿ ಬಿಚ್ಚಬೇಕಾಯಿತು. ಟೇಪಕ್ಕನಿಗೆ ಅದು ಲೆಕ್ಕಕ್ಕೇ ಇಲ್ಲ. ಇದುವರೆಗೆ ಮನೆಗೆ ತಕ್ಕ ಹಾಗೆ ಮನುಷ್ಯರು ಮುದುಡಿಕೊಂಡಿದ್ದರು. ಇನ್ನು ಮನುಷ್ಯರ ಮೈಗೆ ತಕ್ಕ ಹಾಗೆ ಮನೆಯನ್ನು ಹೊಲಿಯಬಹುದು. ಈ ಯೋಚನೆ ಬಂದಾಗೆಲ್ಲ ಅವಳ ಮುಖ ಊರಗಲವಾಗುತ್ತಿತ್ತು.

ಶನಿವಾರ ಉಳಿದದ್ದು ಅವಳದೇ ಪುಟ. ಮೇಲೆ 'ನಾನು' ಎಂದು ಬರೆದಳು. ಟೇಪು ಕೊರಳಿನಿಂದ ತೆಗೆದು ಒಂದು ತುದಿಯನ್ನು ತನ್ನ ಭುಜಕ್ಕೆ ಹಿಡಿದಳು, ಇನ್ನೊಂದು ತುದಿ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ತನ್ನ ಬಟ್ಟೆಯನ್ನು ಅವಳು ಯಾವತ್ತೂ ಹೊಸದರ ಮೇಲೆ ಹಳೆಯದನ್ನಿಟ್ಟು ಕತ್ತರಿಸುತ್ತಿದ್ದಳೇ ಹೊರತು ಅಳತೆ ತೆಗೆದುಕೊಂಡವಳಲ್ಲ. ಕಿಟಕಿಯ ಮಾತನ್ನಾದರೂ ಬರೆಯೋಣವೆಂದು ಹಾಲಿಗೆ ಬಂದರೆ, ಗಂಡ ಷೋಕೇಸಿನ ಬಾಗಿಲು ತೆರೆದು ನಾಲ್ಕನೇ ಕಪ್ಪಿನ ಕಿವಿಯೊಳಗೆ ಬಟ್ಟೆ ತೂರಿಸಿ ಒರೆಸುತ್ತಿದ್ದ. ಟೇಪಕ್ಕ ಹಾಗೇ ಹಿಂದಿರುಗಿದಳು.

ಅವತ್ತು ಅವಳು ಒಂದು ಕೆಲಸ ಮಾಡಿದಳು. ಜನರಿಗೆ ದಾರಿ ಬಿಡಲು ಎದ್ದಾಗಲೆಲ್ಲ ಮಿಷನ್ನಿನ ಮೇಲಿದ್ದ ಸೂಜಿದಿಂಬಿಗೆ ಒಂದು ಗುಂಡುಸೂಜಿ ಚುಚ್ಚಿದಳು. ಸಂಜೆ ಎಣಿಸಿದರೆ ನಲವತ್ತೊಂದು. ಆ ಅಂಕಿಯನ್ನು ಪುಟದಲ್ಲಿ ಬರೆದು, ಆಮೇಲೆ ಯಾಕೋ ನಾಚಿಕೆಯಾಗಿ ಹೊಡೆದುಹಾಕಿದಳು.

ಭಾನುವಾರ ಹತ್ತು ಗಂಟೆಗೆ ನಕ್ಷೆಯವಳು ಬಂದಳು. ಹಾಲಿನ ಮೇಜಿನ ಮೇಲೆ ಚೌಕುಳಿ ಕಾಗದ ಹರಡಿ, ಒಂದು ಕೈಯಲ್ಲಿ ಅಳತೆ ಪುಸ್ತಕ, ಇನ್ನೊಂದು ಕೈಯಲ್ಲಿ ಪೆನ್ಸಿಲು ಹಿಡಿದು ಗೆರೆ ಎಳೆಯತೊಡಗಿದಳು. ಟೇಪಕ್ಕ ಪರೀಕ್ಷೆಯ ಫಲಿತಾಂಶ ಕಾಯುವವಳ ಹಾಗೆ ನಿಂತಿದ್ದಳು. ಪುಟ ತಿರುವಿದಾಗಲೆಲ್ಲ ನಕ್ಷೆಯವಳ ಹುಬ್ಬು ಮೇಲೇರುತ್ತಿತ್ತು. "ಟೇಪಕ್ಕ, ಕಾಲೇಜು ಓದಿದವರೂ ನಂಗೆ ಇಂಥದ್ದು ಬರ್ದು ಕೊಟ್ಟಿಲ್ಲ," ಎಂದಳು. ಟೇಪಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚಹಾ ತರಲು ಹೋಗಿ ಸಕ್ಕರೆ ಡಬ್ಬಿ ಮಾತ್ರ ಹಿಡಿದುಕೊಂಡು ಬಂದಳು.

ಆಮೇಲೆ ಪೆನ್ಸಿಲು ನಿಂತಿತು. ನಕ್ಷೆಯವಳು ಮನೆಯ ಹಳೆಯ ಪತ್ರ ತೆಗೆದು ನೋಡಿದಳು, ಪುಸ್ತಕ ನೋಡಿದಳು, ಮತ್ತೆ ಪತ್ರ ನೋಡಿದಳು.

"ಪತ್ರದಲ್ಲಿ ಮನೆ ಇಪ್ಪತ್ತಡಿ, ನಲವತ್ತಡಿ. ನಿಮ್ಮ ಅಳತೇಲಿ ಇಪ್ಪತ್ತೊಂದು, ನಲವತ್ತೆರಡು."

"ಅಂದ್ರೆ?"

"ಅಂದ್ರೆ ಈ ಲೆಕ್ಕದಲ್ಲಿ ನಿಮ್ಮ ಬಚ್ಚಲು ಹಿಂದಿನ ಮನೆಯವರ ಅಂಗಳದಲ್ಲಿದೆ."

ಗಂಡ ತೊಡೆ ತಟ್ಟಿ ನಕ್ಕ. "ಮೂವತ್ತೆಂಟು ವರ್ಷದ ಅನುಭವ ನೋಡಿ. ಸೀದಾ ಹಿಂದಿನ ಮನೆಗೇ ನುಗ್ಗಿಸಿದ್ಲು. ನಾನು ಬಸ್ಸು ಹೀಗೆ ಓಡ್ಸಿದ್ರೆ ಒಂದು ಕಪ್ಪಾದ್ರೂ ಬರ್ತಿತ್ತಾ?"

ಟೇಪಕ್ಕನ ಮುಖ ಕಪ್ಪಿಟ್ಟಿತು. "ಇಲ್ಲ. ನನ್ನ ಅಳತೆ ತಪ್ಪಲ್ಲ," ಎಂದಳು. ಟೇಪು ಕಿತ್ತು ಗೋಡೆಗೆ ಹಿಡಿದಳು. ಒಂದು ಟೇಪು, ಸೀಮೆಸುಣ್ಣದ ಗೆರೆ, "ಅರವತ್ತಮೂರು" ಎಂದು ಬಾಯಲ್ಲೇ ಎಣಿಸಿಕೊಂಡು ಮುಂದೆ ಸರಿದಳು.

"ನಿಲ್ಲಿ, ನಿಲ್ಲಿ," ಎಂದಳು ನಕ್ಷೆಯವಳು. "ಟೇಪು ಇರೋದು ಅರವತ್ತು ಇಂಚು. ಅರವತ್ತಮೂರು ಎಲ್ಲಿಂದ ಬಂತು?"

"ಯಾಕೆ, ಜೋಡಿಸೋಕೆ ಬಿಡ್ಬೇಡ್ವಾ? ಈ ಕಡೆ ಒಂದೂವರೆ, ಆ ಕಡೆ ಒಂದೂವರೆ. ಹೊಲಿಗೆಗೆ..." ಎನ್ನುತ್ತಿದ್ದಂತೆ ಟೇಪಕ್ಕ ತಾನೇ ಬಾಯಿ ಮುಚ್ಚಿಕೊಂಡಳು.

ಒಂದು ತುಂಡು ಬಟ್ಟೆಯನ್ನು ಇನ್ನೊಂದಕ್ಕೆ ಜೋಡಿಸಬೇಕಾದರೆ ಎರಡೂ ಅಂಚಿನಲ್ಲಿ ಹೊಲಿಗೆಗೆಂದು ಬಟ್ಟೆ ಬಿಡಬೇಕು. ಮೂವತ್ತೆಂಟು ವರ್ಷ ಹಾಗೆ ಬಿಟ್ಟ ಕೈ, ಗೋಡೆಯ ಪ್ರತಿ ಐದಡಿಗೂ ಮೂರು ಇಂಚು ಬಿಟ್ಟುಕೊಂಡು ಹೋಗಿತ್ತು. ಉದ್ದಕ್ಕೆ ಎಂಟು ಟೇಪು, ಎರಡಡಿ. ಅಗಲಕ್ಕೆ ನಾಲ್ಕು ಟೇಪು, ಒಂದಡಿ.

ಈ ಸಲ ಮೊದಲು ನಕ್ಕವಳು ಅತ್ತೆ. ಮಂಚ ಅಲುಗಾಡುವ ಹಾಗೆ ನಕ್ಕಳು. ಮಗಳು ಕೋಣೆಯಿಂದ ಎದ್ದು ಬಂದು, ಸಂಗತಿ ಕೇಳಿ ಬಾಗಿಲಿಗೆ ಒರಗಿ ನಕ್ಕಳು. ಕೊನೆಗೆ ಟೇಪಕ್ಕನಿಗೂ ತಡೆಯಲಾಗಲಿಲ್ಲ. ನೆಲದ ಮೇಲೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಗೋಡೆ ನಾನು ಅಳೀತೀನಿ, ಅದು ನನ್ನ ಕೆಲಸ," ಎಂದಳು ನಕ್ಷೆಯವಳು ಕಣ್ಣೊರೆಸಿಕೊಂಡು. "ಆದ್ರೆ ಮನುಷ್ಯರ ಅಳತೆಗೆ ನೀವು ಬಿಟ್ಟಿರೋ ಲೂಸು ಒಂದಿಂಚೂ ತೆಗೆಯಲ್ಲ. ನನ್ನ ಯೂನಿಫಾರಂ ಮಡಿಕೆ ಮೂರು ವರ್ಷ ಬಿಚ್ಚಿ ಬಿಚ್ಚಿ ಉದ್ದ ಮಾಡಿದ್ರಿ, ನೆನಪಿದೆಯಾ? ಮನೇಗೂ ಅಷ್ಟು ಬೇಕು." ಹೀಗೆನ್ನುತ್ತ ಕೊನೆಯ ಪುಟಕ್ಕೆ ಬಂದಳು. 'ನಾನು' ಎಂಬ ಒಂದು ಪದ, ಕೆಳಗೆ ಹೊಡೆದುಹಾಕಿದ ಒಂದು ಅಂಕಿ. "ಇದೇನು, ನಿಮ್ಮ ಪುಟ ಖಾಲಿ?"

"ನಂಗೇನು ಬೇಕು," ಎಂದಳು ಟೇಪಕ್ಕ ಎದ್ದು ಧೂಳು ಕೊಡವಿಕೊಳ್ಳುತ್ತ. "ಎಲ್ಲರದ್ದೂ ಆಯ್ತಲ್ಲ. ನಂದು ಹೇಗೋ ನಡೆಯುತ್ತೆ."

ನಕ್ಷೆಯವಳು ಪುಸ್ತಕ ಮುಚ್ಚಲು ಹೋದಳು. ಟೇಪಕ್ಕ ಆ ಮುಚ್ಚುವ ಕೈಯನ್ನೇ ನೋಡಿದಳು. ಹಾಳೆಯಲ್ಲಿ ಇಲ್ಲದ್ದು ಮನೆಯಲ್ಲಿ ಬರುವುದಿಲ್ಲ. ಈಗ ಹೇಳದಿದ್ದರೆ ಓಣಿಯೇ ಗತಿ. ಆದರೂ ನೆಲದ ಮೇಲಿದ್ದ ಟೇಪನ್ನೆತ್ತಿ ಮತ್ತೆ ಕೊರಳಿಗೆ ಹಾಕಿಕೊಂಡಳು.

"ಮುಚ್ಬೇಡ, ತಾಯಿ," ಎಂದಳು ಅತ್ತೆ ಮಂಚದಿಂದ. "ಅಲ್ಲಿ ಬರ್ಕೋ. ನಲವತ್ತಮೂರು."

"ಏನು ನಲವತ್ತಮೂರು, ಅಜ್ಜಿ?"

"ನಿನ್ನೆ ನಮಗೆಲ್ಲ ದಾರಿ ಬಿಡೋಕೆ ಇವಳು ಎಷ್ಟು ಸಲ ಎದ್ದಳು ಅಂತ. ನಂಗೇನು ಕೆಲಸ? ಮಂಚ ಇರೋದೇ ಓಣಿಗೆ ಎದುರು. ನೋಡ್ತಾ ಇರ್ತೀನಿ, ಎಣಿಸ್ತಾ ಇರ್ತೀನಿ. ಅದರಲ್ಲಿ ಹದಿನಾರು ಸಲ ಈ ಡ್ರೈವರ್ ಸಾಹೇಬರಿಗೆ. ಹೋದ್ರು, ಬಂದ್ರು, ನೀರು ಕುಡಿಯೋಕೆ ಹೋಗಿ ಲೋಟ ಮರೆತು ಮತ್ತೆ ಬಂದ್ರು."

ಟೇಪಕ್ಕ ಅತ್ತೆಯ ಕಡೆ ತಿರುಗಿದಳು. "ನಲವತ್ತೊಂದು ಅತ್ತೇ. ನಾನು ಸೂಜಿ ಚುಚ್ಚಿದೀನಿ."

"ಎರಡು ಸಲ ಚುಚ್ಚೋದು ಮರೆತೆ. ಒಂದ್ಸಲ ನಾನೇ ಅವಸರದಲ್ಲಿ ಹೋದೆ, ಒಂದ್ಸಲ ಹಾಲು ಉಕ್ಕಿತು."

ಗಂಡನ ನಗು ಮುಖದಲ್ಲೇ ನಿಂತುಹೋಯಿತು. ಅವನು ಎದ್ದು ಓಣಿಯ ಬಾಯಿಗೆ ಹೋಗಿ ಸೂಜಿದಿಂಬನ್ನು ಕೈಗೆತ್ತಿಕೊಂಡು ನೋಡಿದ. "ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಏನಿದೆ. ಇನ್ನೆಲ್ಲಿ ಹಾಕ್ಕೋಬೇಕಿತ್ತು ಮಿಷನ್ನು?" ಎಂದಳು ಟೇಪಕ್ಕ. ಬೇಡವೆಂದರೂ ಅವಳ ಕಣ್ಣು ಕಿಟಕಿಯ ಕಡೆ ಹೋಗಿ ಬಂತು. ಅರೆಕ್ಷಣ ಮಾತ್ರ. ಆದರೆ ಮೂವತ್ತು ವರ್ಷ ಕನ್ನಡಿಯಲ್ಲಿ ಹಿಂದಿನವರ ಕಣ್ಣು ನೋಡಿಯೇ ಬಸ್ಸು ಓಡಿಸಿದ ಮನುಷ್ಯ. ಅವನಿಗೆ ಅಷ್ಟು ಸಾಕಾಯಿತು.

ಸೀದಾ ಹೋಗಿ ಷೋಕೇಸಿನ ಬಾಗಿಲು ತೆರೆದ. ಒಂದೊಂದಾಗಿ ಏಳು ಕಪ್ಪುಗಳನ್ನೂ ತೆಗೆದು ತಾಯಿಯ ಮಂಚದ ಮೇಲೆ ಸಾಲಾಗಿಟ್ಟ. "ಹುಷಾರು ಅಮ್ಮಾ, ಉರುಳಿಸ್ಬೇಡ," ಎಂದ. ಆಮೇಲೆ ಖಾಲಿ ಷೋಕೇಸಿಗೆ ಭುಜ ಕೊಟ್ಟು ತಳ್ಳಿದ. ಅದು ಕಿರ್ರೆಂದು ಸರಿಯಿತು. ಬೆಳಕು ಹಾಲಿನ ನೆಲದ ಮೇಲೆ ಗೋಡೆಯವರೆಗೂ ಹಾಸಿಕೊಂಡಿತು. ಷೋಕೇಸಿದ್ದ ಜಾಗದಲ್ಲಿ ಸಿಕ್ಕಿದ್ದು ಒಂದು ಬಾಚಣಿಗೆ, ಎರಡು ಗುಂಡಿ, ಮಗಳು ಚಿಕ್ಕವಳಿದ್ದಾಗ ಕಳೆದ ಒಂದು ರಬ್ಬರು.

"ಇವೆಲ್ಲ ಎಲ್ಲಿಡ್ತೀರಿ?" ಎಂದು ಕಪ್ಪುಗಳ ಕಡೆ ಕೈ ತೋರಿಸಿದಳು ಟೇಪಕ್ಕ.

"ಓಣೀಲಿ. ಮೇಲ್ಗಡೆ ಉದ್ದಕ್ಕೆ ಒಂದು ಹಲಗೆ. ಅವಕ್ಕೇನು, ಎದ್ದು ದಾರಿ ಬಿಡ್ಬೇಕಾ?" ಎಂದು ಅವನು ಅವಳ ಕೊರಳಿನಿಂದ ಟೇಪು ಎಳೆದುಕೊಂಡ. "ಕೂರು."

"ಎಲ್ಲಿ?"

"ಕಿಟಕಿ ಹತ್ರ. ನಿನ್ನ ಅಳತೆ ತೆಗೀಬೇಕು. ನೀನೇ ತಗೊಳ್ಳೋಕಾಗಲ್ವಲ್ಲ."

ಮಗಳು ಸ್ಟೂಲು ತಂದಿಟ್ಟಳು. ಟೇಪಕ್ಕ ಕೂತಳು. ಎಷ್ಟು ಸಾವಿರ ಜನರಿಗೆ 'ನೆಟ್ಟಗೆ ನಿಲ್ಲಿ, ಉಸಿರು ಬಿಡಿ' ಎಂದಿದ್ದಳೋ. ಈಗ ತನ್ನ ಬೆನ್ನಿಗೆ ಟೇಪು ತಾಗಿದಾಗ ಕೈಕಾಲು ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಹೊಸ ಗಿರಾಕಿಯ ಹಾಗೆ ಬಿಗಿದುಕೊಂಡಳು. ಗಂಡ ಮೊಣಕಾಲಿನಿಂದ ಗೋಡೆಗೆ ಹಿಡಿದ, ಮೊಣಕೈಯಿಂದ ಮೊಣಕೈಗೆ ಹಿಡಿದ. ಟೇಪನ್ನು ತಲೆಕೆಳಗಾಗಿ ಹಿಡಿದದ್ದರಿಂದ ಮೊದಲ ಅಂಕಿ ಐವತ್ತೆರಡು ಬಂತು.

"ತಿರುಗಿಸಿ ಹಿಡೀರಿ. ನಾನೇನು ಎಮ್ಮೇನಾ?" ಎಂದಳು ಟೇಪಕ್ಕ.

ಅವನು ತಿರುಗಿಸಿ ಹಿಡಿದು ಮತ್ತೆ ಅಳೆದು, ಟ್ರಿಪ್ ಶೀಟಿನ ದುಂಡಕ್ಷರದಲ್ಲಿ ಅವಳ ಪುಟದಲ್ಲಿ ಬರೆದ. ಪ್ರತಿ ಅಂಕಿಯ ಪಕ್ಕದಲ್ಲಿ 'ಲೂಸು ಆರು ಇಂಚು' ಎಂದು ಸೇರಿಸಿದ.

"ಆರು ಜಾಸ್ತಿ ಆಯ್ತು ರೀ."

"ಇರ್ಲಿ. ಮೂವತ್ತೊಂದು ವರ್ಷದ ಬಾಕಿ ಇದೆ."

"ಬರೀ ಅಂಕಿ ಸಾಕಾ?" ಎಂದಳು ನಕ್ಷೆಯವಳು. "ನೀವು ಬಟ್ಟೆಗೆ ಟ್ರಯಲ್ ನೋಡಲ್ವಾ? ಇದಕ್ಕೂ ನೋಡಿ."

ಆ ಮಾತಿಗೇ ಕಾದಿದ್ದವರ ಹಾಗೆ ಅಪ್ಪ ಮಗಳು ಸೇರಿ ಮಿಷನ್ನನ್ನು ಓಣಿಯಿಂದ ಎತ್ತಿ ತಂದು ಕಿಟಕಿಯ ಕೆಳಗಿಟ್ಟರು. ಟೇಪಕ್ಕ ಕಾಲು ಪೆಡಲಿಗಿಟ್ಟು ಒಂದು ತುಂಡು ಬಟ್ಟೆ ಹಾಕಿ ಓಡಿಸಿದಳು. ಹಗಲು ಬೆಳಕಿನಲ್ಲಿ ತನ್ನ ಹೊಲಿಗೆಯ ಒಂದೊಂದು ಟಾಕೂ ಬೇರೆ ಬೇರೆಯಾಗಿ ಕಂಡಿತು. ಅಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಮೇಷ್ಟರು ನಿಂತು, ಕಿಟಕಿಯ ಸರಳಿಗೆ ಮುಖ ಹಚ್ಚಿದರು. "ಏನು ಟೇಪಕ್ಕ, ಬೀದಿಗೇ ಬಂದುಬಿಟ್ರಲ್ಲ. ನನ್ನ ಪ್ಯಾಂಟಿಗೆ ಬಲಗಾಲು ಬಂತಾ?"

"ಬಂತು ಬಂತು, ನಾಳೆ ಕೊಡ್ತೀನಿ," ಎಂದು ಕೈ ಹೊರಗೆ ಚಾಚಿ ನೋಡಿದಳು. ಕಿಟಕಿಯ ಕಟ್ಟೆ ಕಂಕುಳಿಗೆ ಒತ್ತಿತು. ಮೇಷ್ಟರು ಆಚೆ ಹೋದರೂ ಅವಳು ಕೈ ಹಾಗೇ ಚಾಚಿಕೊಂಡು ಏನೋ ಯೋಚಿಸುತ್ತಿದ್ದಳು.

ನಕ್ಷೆಯವಳು ಕಾಗದಗಳನ್ನು ಸುತ್ತಿ ರಬ್ಬರ್ ಬ್ಯಾಂಡು ಹಾಕುತ್ತಿದ್ದಳು.

"ಸುತ್ತಬೇಡಿ," ಎಂದಳು ಟೇಪಕ್ಕ. "ಇದು ಒಂಬತ್ತು ಇಂಚು ಎತ್ತರ ಆಯ್ತು. ಕಟ್ಟೆ ಕೆಳಗೆ ಬರ್ಬೇಕು. ಬೀದಿಯಿಂದಾನೇ ಬಟ್ಟೆ ಕೊಡೋ ಹಾಗಿರ್ಬೇಕು. ಬರ್ಕೊಳ್ಳಿ."

ನಕ್ಷೆಯವಳು ಮತ್ತೆ ಪೆನ್ಸಿಲು ತೆಗೆದಳು.

"ಎಡಗಡೆ ಕತ್ತರಿಗೆ ಒಂದು ಮೊಳೆ. ಅತ್ತೆ ಮಂಚ ಈ ಕಡೆಗೆ ತಿರುಗ್ಲಿ, ಬೀದಿ ಕಾಣುತ್ತೆ, ಎಣಿಸೋಕೆ ಹೊಸದೇನಾದ್ರೂ ಬೇಕಲ್ಲ. ಬರ್ಕೊಂಡ್ರಾ? ಮಗಳ ಕೋಣೆ ಗೋಡೆ ಈಗ ಸುಮ್ಮನಿದೆ, ಅದನ್ನ ಹಾಗೇ ಬಿಡಿ. ಇನ್ನು ಕಟ್ ಮಾಡೋ ಮೇಜು. ಅದು ಮಡಚೋ ಹಾಗಿರ್ಬೇಕು..."

"ಟೇಪಕ್ಕ, ನಿಧಾನ," ಎಂದಳು ನಕ್ಷೆಯವಳು. ಅಳತೆ ಪುಸ್ತಕದ ಕೊನೆಯ ಪುಟ ಮುಗಿದಿತ್ತು. ಗಂಡ ಒಳಗೆ ಹೋಗಿ, ಸೋಮವಾರದಿಂದ ಹಾಗೇ ಉಳಿದಿದ್ದ ಬಿಳಿ ಹಾಳೆಗಳಲ್ಲಿ ಒಂದನ್ನು ತಂದು, ಮೇಲಿದ್ದ 'ಗಾಡಿ ನಿಲ್ಲಿಸಲು ಜಾಗ' ಎಂಬುದರ ಮೇಲೆ ಗೆರೆ ಎಳೆದು, ಪೆನ್ನು ಹಿಡಿದು ಅವಳ ಮುಂದೆ ಕೂತ.

"ಹೇಳು," ಎಂದ. "ನಾನು ಬರೀತೀನಿ."